ಬೆಂಗಳೂರಿನ ಬಿಯರ್ ಚರಿತ್ರೆ ಮೇಲೆ ಟ್ರೆಷರ್ ಹಂಟ್: ಸುಳಿವು ಎಲ್ಲಿಡೋಣ, ಹೇಗೆ ಬರೆಯೋಣ?

ಜೋಗುಪಾಳ್ಯ_ಹುಡುಗಿ

ಎಲ್ಲರಿಗೂ ನಮಸ್ಕಾರ. ಭಾನುವಾರ ಬೆಳಿಗ್ಗೆ ಊರು ಸುತ್ತುವ ಒಂದು ಚಿಕ್ಕ ಗುಂಪು ನಮ್ಮದು. ವರ್ಷಕ್ಕೊಂದು ಟ್ರೆಷರ್ ಹಂಟ್ ಮಾಡುತ್ತೇವೆ, ಸುಳಿವುಗಳೆಲ್ಲ ಕನ್ನಡದಲ್ಲೇ. ಹಿಂದೆ ಕೆರೆಗಳ ಮೇಲೆ ಮಾಡಿದ್ದೆವು, ಪೇಟೆ ಬೀದಿಗಳ ಮೇಲೆ ಮಾಡಿದ್ದೆವು. ಈ ಸಲ ಬಿಯರ್ ಅಂತ ತೀರ್ಮಾನ ಆಗಿದೆ. ಕುಡಿಯುವ ಆಟ ಅಲ್ಲ, ಅದನ್ನ ಮೊದಲೇ ಹೇಳಿಬಿಡುತ್ತೇನೆ. ಈ ಊರಲ್ಲಿ ಬಿಯರ್ ಹೇಗೆ ಬಂತು, ಯಾರು ಮಾಡಿದರು, ಯಾರಿಗಾಗಿ ಮಾಡಿದರು ಅನ್ನುವುದನ್ನ ನಡೆದು ಹುಡುಕುವ ಆಟ.

ನನ್ನ ಕೈಲಿರುವ ಮಾಹಿತಿ ಇಷ್ಟು. ಥಾಮಸ್ ಲೀಶ್‌ಮನ್ ಅನ್ನುವ ಸ್ಕಾಟ್ಲೆಂಡಿನವರು 1915ರಲ್ಲಿ ದಕ್ಷಿಣ ಭಾರತದ ಐದು ಬ್ರೂವರಿಗಳನ್ನ, ಅಂದ್ರೆ ಬಿಯರ್ ಮಾಡುವ ಕಾರ್ಖಾನೆಗಳನ್ನ, ಒಂದು ಮಾಡಿ ಯುನೈಟೆಡ್ ಬ್ರೂವರೀಸ್ ಶುರು ಮಾಡಿದರು. ಆ ಐದರಲ್ಲಿ ಎಲ್ಲಕ್ಕಿಂತ ಹಳೆಯದು 1857ರ ಕ್ಯಾಸಲ್ ಬ್ರೂವರಿ. ಬೆಂಗಳೂರಿನ ಹೆಸರಿನದೂ ಒಂದಿತ್ತು. ಬ್ರಿಟಿಷ್ ಸೈನಿಕರಿಗೆ ದೊಡ್ಡ ದೊಡ್ಡ ಪೀಪಾಯಿಗಳಲ್ಲಿ, ಎತ್ತಿನ ಗಾಡಿ ಮೇಲೆ ಬಿಯರ್ ಹೋಗುತ್ತಿತ್ತು. 1947ರಲ್ಲಿ ವಿಠಲ ಮಲ್ಯ ಆ ಕಂಪನಿಯ ಮೊದಲ ಭಾರತೀಯ ನಿರ್ದೇಶಕರಾದರು, ಮಾರನೇ ವರ್ಷ ಅಧ್ಯಕ್ಷರೂ ಆದರು. ಹಳೇ ಗ್ರಾಂಟ್ ರೋಡಿಗೆ ಈಗ ಅವರದೇ ಹೆಸರು. ಬ್ರೂವರಿ ಇದ್ದ ಜಾಗದಲ್ಲಿ ಯುಬಿ ಸಿಟಿ ಅನ್ನುವ ಮಾಲ್, ಆಫೀಸು ಕಟ್ಟಡ ನಿಂತಿದೆ.

ಸಮಸ್ಯೆ ಇಲ್ಲೇ ಇರುವುದು. ಬೇರೆ ಊರುಗಳಲ್ಲಿ ಹಳೇ ಬ್ರೂವರಿಯ ಚಿಮಣಿನೋ ಗೋಡೆನೋ ಉಳಿದಿರುತ್ತದೆ, ಅಲ್ಲಿ ಸುಳಿವು ಅಂಟಿಸಿದರೆ ಆಯ್ತು. ಇಲ್ಲಿ ಗಾಜಿನ ಕಟ್ಟಡದ ಮುಂದೆ ಜನರನ್ನ ನಿಲ್ಲಿಸಿ ಏನು ಹುಡುಕಿ ಅಂತ ಹೇಳಲಿ? ಜೊತೆಗೆ ನಮ್ಮ ಗುಂಪಲ್ಲಿ ಮಕ್ಕಳಿದ್ದಾರೆ, ಕುಡಿಯದವರೇ ಜಾಸ್ತಿ, ಕನ್ನಡ ಕಲಿಯುತ್ತಿರುವ ನಾಲ್ಕೈದು ಜನ ಇದ್ದಾರೆ. ಇವರೆಲ್ಲ ಸುಮ್ನೆ ಹಿಂದೆ ಹಿಂದೆ ಬರುವ ಹಾಗೆ ಆಗಬಾರದು. ಪಬ್ಬಿಂದ ಪಬ್ಬಿಗೆ ಕರೆದುಕೊಂಡು ಹೋಗುವ ಆಟ ಊರ ತುಂಬ ಇದೆ, ಅದು ನನಗೆ ಬೇಡ. ದಾರಿ, ಸುಳಿವು, ಕೊನೆಗೆ ಸಿಗುವ ನಿಧಿ, ಯಾವುದರ ಬಗ್ಗೆ ಆದ್ರೂ ಹೇಳಿ.

ದಂಡು_ಪ್ರದೇಶ

ತುಂಬಾ ಒಳ್ಳೆ ಯೋಚನೆ, ದಯವಿಟ್ಟು ಬಿಡಬೇಡಿ. ಏನೂ ಉಳಿದಿಲ್ಲ ಅಂತ ಬೇಜಾರು ಮಾಡಿಕೊಳ್ಳಬೇಡಿ ಮೇಡಂ. ಕಟ್ಟಡ ಹೋದರೂ ಸುತ್ತಮುತ್ತ ಹೆಸರುಗಳು ಉಳಿದಿವೆ, ನೆಲದ ಏರುತಗ್ಗು ಉಳಿದಿದೆ. ಅದನ್ನೇ ಆಟ ಮಾಡಿ. ತಂಡಗಳ ಕೈಗೆ ಹಳೇ ಹೆಸರು ಮಾತ್ರ ಇರುವ ಒಂದು ನಕ್ಷೆ ಕೊಡಿ. ಸೌತ್ ಪರೇಡ್, ಗ್ರಾಂಟ್ ರೋಡ್, ಸಂಪಂಗಿ ಕೆರೆ, ಹೀಗೆ. ಹೊಸ ಹೆಸರನ್ನ ಅವರೇ ಹುಡುಕಿ ಬರೆಯಲಿ. ಫೋನ್ ಮುಟ್ಟುವ ಹಾಗಿಲ್ಲ, ಬೀದೀಲಿ ಸಿಕ್ಕವರನ್ನ ಕೇಳಬಹುದು ಅಂತ ನಿಯಮ ಇಡಿ. ಆಟೋದವರು, ಹೂ ಮಾರುವವರು, ಪೇಪರ್ ಹಾಕುವವರು, ಇವರ ಹತ್ತಿರ ಸಿಗುವ ಉತ್ತರ ಬೇರೆಲ್ಲೂ ಸಿಗುವುದಿಲ್ಲ. ಕನ್ನಡ ಕಲಿಯುತ್ತಿರುವವರಿಗೇ ಈ ಕೇಳುವ ಕೆಲಸ ಕೊಡಿ.

ದಾರಿ ಬಗ್ಗೆ ನನ್ನ ಸಲಹೆ. ಬ್ರೂವರಿಯಿಂದ ಶುರು ಮಾಡಬೇಡಿ, ಕಂಠೀರವ ಕ್ರೀಡಾಂಗಣದಿಂದ ಶುರು ಮಾಡಿ. ಅದು ಸಂಪಂಗಿ ಕೆರೆಯ ಅಂಗಳ. ಕರಗದ ಆಚರಣೆಗೆ ಅಂತ ಕೆರೆಯ ಒಂದು ಚಿಕ್ಕ ಚೂರನ್ನ ಅಲ್ಲಿ ಉಳಿಸಿಕೊಂಡಿದ್ದಾರೆ. ಬಿಯರಿನಲ್ಲಿ ಹತ್ತರಲ್ಲಿ ಒಂಬತ್ತು ಪಾಲಿಗಿಂತ ಜಾಸ್ತಿ ನೀರೇ ಇರುವುದರಿಂದ ಕತೆ ನೀರಿಂದ ಶುರುವಾಗುವುದು ಸರಿ. ಹವೆಯ ಮಾತನ್ನೂ ಅಲ್ಲೇ ಹೇಳಿ. ಐಸ್ ಯಂತ್ರ, ಫ್ರಿಜ್ ಇಲ್ಲದ ಕಾಲದಲ್ಲಿ ಬಯಲುಸೀಮೆ ಸೆಕೆಯಲ್ಲಿ ಬಿಯರ್ ಹುಳಿಯಾಗಿ ಕೆಡುತ್ತಿತ್ತು. ಅದಕ್ಕೇ ಬ್ರಿಟಿಷರು ಕಸೌಲಿ, ನೀಲಗಿರಿಯಂಥ ತಂಪು ಜಾಗ ಹುಡುಕಿಕೊಂಡು ಹೋಗಿದ್ದು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಮೇಲಾಗಿ ಕುಡಿಯುವ ದಂಡು, ಅಂದ್ರೆ ಬ್ರಿಟಿಷ್ ಸೈನ್ಯ, ಇಲ್ಲೇ ಬೀಡು ಬಿಟ್ಟಿತ್ತು.

ಅಲ್ಲಿಂದ ವಿಠಲ ಮಲ್ಯ ರಸ್ತೆ, ಆಮೇಲೆ ಲ್ಯಾವೆಲ್ ರಸ್ತೆ. ಲ್ಯಾವೆಲ್ ರಸ್ತೆಗೂ ಬಿಯರಿಗೂ ಏನು ಸಂಬಂಧ ಅಂತೀರಾ? ನಿಧಿ ಹುಡುಕುವ ಆಟದಲ್ಲಿ ಆ ಮನುಷ್ಯನನ್ನ ಬಿಡೋಕೆ ಆಗುವುದಿಲ್ಲ. ಮೈಕೆಲ್ ಲ್ಯಾವೆಲ್ ನ್ಯೂಜಿಲೆಂಡಿನಲ್ಲಿ ಯುದ್ಧ ಮಾಡಿ ಬಂದು ಇಲ್ಲಿ ನೆಲೆ ನಿಂತ ಸೈನಿಕ. 1870ರ ದಶಕದಲ್ಲಿ ಕೋಲಾರದ ಕಡೆ ಚಿನ್ನ ಅಗೆಯೋಕೆ ಮೈಸೂರು ಸರ್ಕಾರದಿಂದ ಅನುಮತಿ ತೆಗೆದುಕೊಂಡ. ಕೆಜಿಎಫ್ ಕತೆ ಶುರುವಾಗಿದ್ದು ಹೀಗೆ. ದಂಡಿನ ಸೈನಿಕ ಅಂದ್ರೆ ಬಿಯರ್ ಕುಡಿಯುವವನು ಮಾತ್ರ ಅಲ್ಲ, ಅಂಥವನೊಬ್ಬ ಈ ನಾಡಿನ ಚರಿತ್ರೆಯನ್ನೇ ಬೇರೆ ದಾರಿಗೆ ತಿರುಗಿಸಿದ ಅಂತ ಮಕ್ಕಳಿಗೂ ಗೊತ್ತಾಗಲಿ.

ಅಲ್ಲಿಂದ ಬೆಂಗಳೂರು ಕ್ಲಬ್ಬಿನ ಗೇಟು. ಕ್ಲಬ್ಬು 1868ರದ್ದು. ಒಳಗೆ ಹೋಗೋಕೆ ಆಗುವುದಿಲ್ಲ, ಹೋಗುವ ಅಗತ್ಯಾನೂ ಇಲ್ಲ. ವಿನ್‌ಸ್ಟನ್ ಚರ್ಚಿಲ್ 1896ರಲ್ಲಿ ಚಿಕ್ಕ ವಯಸ್ಸಿನ ಅಧಿಕಾರಿಯಾಗಿ ಇಲ್ಲಿಗೆ ಬಂದಿದ್ದರು. ಅವರ ಹೆಸರಿನ ಮುಂದೆ 13 ರೂಪಾಯಿ ವಸೂಲಾಗದ ಬಾಕಿ ಅಂತ 1899ರ ಲೆಕ್ಕದ ಪುಸ್ತಕದಲ್ಲಿ ಬರೆದಿದೆ. ಆ ಪುಸ್ತಕ ಇನ್ನೂ ಅಲ್ಲಿದೆ.

ಆಮೇಲೆ ಸೇಂಟ್ ಮಾರ್ಕ್ಸ್ ರಸ್ತೆ ಹಿಡಿದು ಚರ್ಚ್ ಸ್ಟ್ರೀಟ್. 1980ರ ದಶಕದಲ್ಲಿ ಪಬ್ಬುಗಳು ಶುರುವಾಗಿ ಊರಿಗೆ ಪಬ್ ಸಿಟಿ ಅನ್ನುವ ಹೆಸರು ಬಂದದ್ದು ಈ ಭಾಗದಿಂದ. ಕೊನೆಗೆ ಎಂ.ಜಿ. ರಸ್ತೆ, ಅಂದ್ರೆ ಹಳೇ ಸೌತ್ ಪರೇಡ್. ಪರೇಡ್ ಮೈದಾನದ ಬೇಲಿ ಪಕ್ಕ ಆಟ ಮುಗಿಸಿ. ಯಾಕಂದ್ರೆ ಇಷ್ಟೆಲ್ಲ ಕುದಿಸಿದ್ದು, ಸಾಗಿಸಿದ್ದು ಯಾರಿಗಾಗಿ ಅನ್ನುವುದಕ್ಕೆ ಉತ್ತರ ಆ ಮೈದಾನ. 1809ರಲ್ಲಿ ದಂಡು ಬಂದು ನೆಲೆಸಿದ್ದರಿಂದಲೇ ಇಷ್ಟೂ ನಡೆದದ್ದು. ಎಲ್ಲ ಸೇರಿದರೂ ಎರಡು ಮೂರು ಕಿಲೋಮೀಟರ್, ಅಷ್ಟೇ.

ಮಾಲ್ಟ್_ಮನೆ

ನಾನು ಇದೇ ಊರಿನ ಒಂದು ಮೈಕ್ರೋಬ್ರೂವರಿಯಲ್ಲಿ, ಅಂದ್ರೆ ಚಿಕ್ಕ ಪ್ರಮಾಣದ ಬ್ರೂವರಿಯಲ್ಲಿ, ಬಿಯರ್ ಮಾಡುವ ಕೆಲಸದಲ್ಲಿದ್ದೇನೆ. ಮೇಲಿನವರು ದಾರಿ ಚೆನ್ನಾಗಿ ಹೇಳಿದ್ದಾರೆ. ಅದಕ್ಕೆ ಒಂದು ಸೇರಿಸುತ್ತೇನೆ. ಬರೀ ಹೆಸರು, ಇಸವಿ ಇಟ್ಟರೆ ಮಕ್ಕಳಿಗೆ ಬೇಗ ಬೇಜಾರಾಗುತ್ತದೆ. ಕೈಗೆ, ಮೂಗಿಗೆ, ನಾಲಿಗೆಗೆ ಕೆಲಸ ಕೊಡಿ.

ಪ್ರತಿ ನಿಲ್ದಾಣದಲ್ಲಿ ಒಂದೊಂದು ಚಿಕ್ಕ ಬಟ್ಟೆ ಚೀಲ ಸಿಗಲಿ. ಒಂದರಲ್ಲಿ ಹಸಿ ಬಾರ್ಲಿ. ಇನ್ನೊಂದರಲ್ಲಿ ಬಾರ್ಲಿ ಮಾಲ್ಟ್. ಮತ್ತೊಂದರಲ್ಲಿ ಕಪ್ಪಗೆ ಹುರಿದ ಮಾಲ್ಟ್. ಒಂದರಲ್ಲಿ ಹಾಪ್ಸ್ ಅನ್ನುವ ಬಳ್ಳಿಯ ಹೂ, ಒಂದರಲ್ಲಿ ಒಣ ಯೀಸ್ಟ್. ಕೊನೆಗೆ ಪರೇಡ್ ಮೈದಾನದ ಹತ್ತಿರ ಎಲ್ಲ ಚೀಲಗಳನ್ನ ಬಿಯರ್ ಮಾಡುವ ಕ್ರಮದಲ್ಲಿ ಜೋಡಿಸಿದ ತಂಡಕ್ಕೆ ಗೆಲುವು. ಒಂದು ಚೀಲಕ್ಕೆ ಸುಮ್ನೆ ಅಕ್ಕಿ ತುಂಬಿ ಇಡಿ, ಇದು ಬಿಯರಿಗೆ ಬೇಕಾ ಬೇಡವಾ ಅಂತ ತಂಡಗಳು ಜಗಳ ಆಡಲಿ. ಬಾಟಲಿಯಲ್ಲಿ ಬರುವ ಎಷ್ಟೋ ಲಾಗರ್‌ಗಳಿಗೆ ಅಕ್ಕಿಯನ್ನೂ ಹಾಕುತ್ತಾರೆ, ಹಾಗಾಗಿ ಎರಡೂ ಕಡೆಯವರದೂ ಸರಿ ಉತ್ತರವೇ.

ಮಾಲ್ಟ್ ಅಂದ್ರೇನು ಅಂತ ನಮ್ಮವರಿಗೆ ವಿವರಿಸುವ ಕಷ್ಟಾನೇ ಇಲ್ಲ. ಮನೇಲಿ ಮಗುವಿಗೆ ರಾಗಿ ಸರಿ ಮಾಡೋಕೆ ರಾಗಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ ಹುರಿಯುತ್ತಾರಲ್ಲ, ಬಾರ್ಲಿಗೂ ಮಾಡುವುದು ಅದನ್ನೇ. ಮೊಳಕೆ ಬಂದಾಗ ಕಾಳಿನೊಳಗೆ ಪಿಷ್ಟವನ್ನ ಸಕ್ಕರೆ ಮಾಡುವ ಕಿಣ್ವಗಳು ಎದ್ದು ಕೂರುತ್ತವೆ. ಆ ಮಾಲ್ಟನ್ನ ತರಿತರಿಯಾಗಿ ಒಡೆದು, ಸುಮಾರು 65 ಡಿಗ್ರಿ ಬಿಸಿ ನೀರಿನಲ್ಲಿ ಒಂದು ಗಂಟೆ ಇಟ್ಟರೆ ನೀರು ಸಿಹಿಯಾಗುತ್ತದೆ. ಸೋಸಿ, ಹಾಪ್ಸ್ ಹಾಕಿ ಮತ್ತೆ ಒಂದು ಗಂಟೆ ಕುದಿಸಬೇಕು, ಕಹಿ ಬರುವುದು ಆಗ. ಆಮೇಲೆ ತಣ್ಣಗೆ ಮಾಡಿ ಯೀಸ್ಟ್ ಹಾಕಬೇಕು. ಬಿಯರಿನಲ್ಲಿ ಏಲ್, ಲಾಗರ್ ಅಂತ ಎರಡು ಬಗೆ: ಏಲ್ ಆದರೆ 20 ಡಿಗ್ರಿ ಆಸುಪಾಸು, ಲಾಗರ್ ಆದರೆ ಇನ್ನೂ ತಂಪು, ಇನ್ನೂ ಜಾಸ್ತಿ ದಿನ.

ಹಸಿ ಬಾರ್ಲಿ ಒಂದು ಕಾಳು, ಮಾಲ್ಟ್ ಒಂದು ಕಾಳು ಕೊಟ್ಟು ಅಗಿಯೋಕೆ ಹೇಳಿ. ಹಸೀದು ಹಲ್ಲಿಗೆ ಕಲ್ಲು. ಮಾಲ್ಟ್ ಕುರುಕುರು ಅಂತ ಒಡೆದು ಬಾಯಲ್ಲಿ ಬಿಸ್ಕತ್ತಿನ ಥರ ಸಿಹಿ ಬಿಡುತ್ತದೆ. ಹಾಪ್ಸ್ ಈಗ ಬರುವುದು ಹಸಿರು ಗುಳಿಗೆ ರೂಪದಲ್ಲಿ. ಎರಡು ಗುಳಿಗೆ ಅಂಗೈಯಲ್ಲಿಟ್ಟು ಗಟ್ಟಿಯಾಗಿ ಉಜ್ಜಿದರೆ ಅಂಗೈ ಅಂಟಂಟಾಗಿ ನಿಂಬೆ, ಹುಲ್ಲು, ಮರದ ಅಂಟು ಎಲ್ಲ ಸೇರಿದ ವಾಸನೆ ಮೇಲೇಳುತ್ತದೆ, ಸೋಪು ಹಾಕಿ ತೊಳೆದರೂ ಮಧ್ಯಾಹ್ನದವರೆಗೆ ಹೋಗುವುದಿಲ್ಲ. ಇದು ಯಾವ ಮಗುವಿಗೂ ಮರೆತು ಹೋಗುವುದಿಲ್ಲ. ಒಂದು ಮುಖ್ಯವಾದ ಮಾತು: ಯಾರಾದರೂ ನಾಯಿ ಕರೆದುಕೊಂಡು ಬಂದರೆ ಹಾಪ್ಸ್ ಚೀಲ ಅದರ ಹತ್ತಿರ ಬಿಡಲೇಬೇಡಿ, ನಾಯಿಗಳಿಗೆ ಅದು ವಿಷ.

ಇನ್ನೊಂದು ವಿಷಯಕ್ಕೂ ಒಂದು ಸುಳಿವು ಇಡಿ ಅಂತ ಕೇಳಿಕೊಳ್ಳುತ್ತೇನೆ. ಸೋಸಿದ ಮೇಲೆ ಉಳಿಯುವ ಚರಟ ಎಲ್ಲಿಗೆ ಹೋಗುತ್ತದೆ ಗೊತ್ತಾ? ಹಸುಗಳಿಗೆ. ನಮ್ಮಲ್ಲಿ ಬಿಸಿ ಆರುವ ಮೊದಲೇ ಹಾಲು ಮಾರುವವರು ಗಾಡಿ ತಂದು ತುಂಬಿಕೊಂಡು ಹೋಗುತ್ತಾರೆ. ಒಂದು ದಿನ ತಡವಾದರೆ ಹುಳಿ ವಾಸನೆ ಬರುತ್ತದೆ, ಅದಕ್ಕೆ ಆ ಅವಸರ. ಬಿಯರ್ ಕುಡಿಯದವರ ಮನೆಗೂ ಬ್ರೂವರಿಯ ಕಾಳು ಹಾಲಾಗಿ ಬರುತ್ತದೆ ಅನ್ನುವುದು ನನಗೆ ತುಂಬಾ ಇಷ್ಟದ ವಿಷಯ. ಚರಟದ ಚೀಲ ಬೇಕಿದ್ದರೆ ಒಣಗಿಸಿ ನಾನೇ ಕೊಡುತ್ತೇನೆ.

ನಗರ್ತಪೇಟೆ_ಅಕ್ಕ

ಎಲ್ಲರೂ ಚೆನ್ನಾಗಿ ಬರೆದಿದ್ದೀರಿ. ಆದರೆ ನನ್ನದೊಂದು ತಕರಾರು ಇದೆ, ನೇರವಾಗಿ ಹೇಳುತ್ತೇನೆ. ಈ ದಾರಿ ಪೂರ್ತಿ ದಂಡಿನದು. ಪೇಟೆಯ ಜನ ಎಲ್ಲಿ? ಬ್ರಿಟಿಷರು ಬಾರ್ಲಿ ಕುದಿಸುವ ಎಷ್ಟೋ ಮೊದಲಿಂದ ನಮ್ಮ ಸೀಮೆಯಲ್ಲಿ ಹೆಂಡ ಇತ್ತು, ಸೇಂದಿ ಇತ್ತು. ಈಚಲು ಮರ ಹತ್ತಿ ಇಳಿಸುವ ಕಸುಬನ್ನೇ ನಂಬಿಕೊಂಡ ಮನೆಗಳಿದ್ದವು. ಪೀಪಾಯಿ ಹೊತ್ತ ಗಾಡಿಯ ಎತ್ತು ಹೊಡೆದವರೂ ನಮ್ಮವರೇ ಅಲ್ವಾ? ಊರಿನ ಪರಂಪರೆ ಅಂತ ಹೇಳಿ ಲೀಶ್‌ಮನ್, ಲ್ಯಾವೆಲ್, ಚರ್ಚಿಲ್ ಮೂರೇ ಜನರನ್ನ ಮಕ್ಕಳ ತಲೆಗೆ ತುಂಬಿದರೆ ಅದು ಅರ್ಧ ಕತೆ.

ಹೆಂಡ, ಸಾರಾಯಿಯಿಂದ ಮನೆಗಳು ಹಾಳಾದ ಕತೆಯನ್ನೂ ಬಿಡಬೇಡಿ. 1939ರಲ್ಲಿ ಚಿತ್ರದುರ್ಗದ ತುರುವನೂರಿನಲ್ಲಿ ಈಚಲು ಮರ ಕಡಿಯುವ ಸತ್ಯಾಗ್ರಹ ನಡೆಯಿತು. ಆಮೇಲೆ ಮುಖ್ಯಮಂತ್ರಿಯಾದ ಎಸ್. ನಿಜಲಿಂಗಪ್ಪ ಅದರಲ್ಲಿದ್ದರು. ಪ್ಯಾಕೆಟ್ ಸಾರಾಯಿ ನಮ್ಮ ಕಣ್ಣೆದುರೇ ಎಷ್ಟು ಸಂಸಾರ ಮುಳುಗಿಸಿತು ಅಂತ ನನ್ನ ವಯಸ್ಸಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಅದು ನಿಂತಿತು. ಬಿಯರಿನ ಗಾಜಿನ ಲೋಟ ತೋರಿಸುವ ಆಟದಲ್ಲಿ ಇದಕ್ಕೂ ಜಾಗ ಇರಲಿ.

ಇದಕ್ಕೆ ಬೇರೆ ದಾರಿ ಬೇಕಾಗಿಲ್ಲ. ಮೊದಲ ನಿಲ್ದಾಣದಲ್ಲೇ, ಕಂಠೀರವದ ಹತ್ತಿರ, ಒಂದು ಈಚಲು ಪೊರಕೆ ಇಡಿ. ಜೊತೆಗೆ ಈ ಒಗಟು:

ಮನೆ ಗುಡಿಸೋಕೆ ಗರಿ ಕೊಟ್ಟೆ,
ಮಲಗೋಕೆ ಚಾಪೆ ಕೊಟ್ಟೆ.
ಕತ್ತು ಕೆತ್ತಿ ಮಡಕೆ ಕಟ್ಟಿದರೆ
ಬೆಳಿಗ್ಗೆ ಸಿಹಿ, ಸಂಜೆಗೆ ಹುಳಿ.
ನಾನು ಯಾರು?

ಉತ್ತರ ಹೇಳಿದ ಮೇಲೆ, ಸಂಜೆಗೆ ಹುಳಿ ಆಗುವುದು ಯಾಕೆ ಅಂತ ಮಾಲ್ಟ್_ಮನೆಯವರು ವಿವರಿಸಲಿ. ಆಗ ಪೇಟೆ ದಂಡು ಎರಡೂ ಒಂದೇ ಆಟದೊಳಗೆ ಬರುತ್ತವೆ.

ಮಾಲ್ಟ್_ಮನೆ

ಅಕ್ಕ, ಈ ಒಗಟು ಇರಲೇಬೇಕು. ವಿವರಣೆ ಕೂಡ ಸುಲಭ: ಗಾಳಿಯಲ್ಲಿ, ಮಡಕೆಯ ಗೋಡೆಯಲ್ಲಿ ಇರುವ ಕಾಡು ಯೀಸ್ಟು, ಬ್ಯಾಕ್ಟೀರಿಯಾ ಸಕ್ಕರೆಗೆ ಬೀಳುತ್ತವೆ, ಕೆಲವೇ ಗಂಟೆಯಲ್ಲಿ ಹುದುಗು ಬರುತ್ತದೆ. ನಾವು ಅದೇ ಕೆಲಸವನ್ನ ಸ್ಟೀಲ್ ಟ್ಯಾಂಕಿನಲ್ಲಿ ಬೇರೆಯವು ಒಳಗೆ ಬರದ ಹಾಗೆ ನೋಡಿಕೊಂಡು ಮಾಡುತ್ತೇವೆ. ಇಲ್ಲಿನ ಕೆಲವು ಮೈಕ್ರೋಬ್ರೂವರಿಗಳು ರಾಗಿ ಹಾಕಿಯೂ ಬಿಯರ್ ಮಾಡಿವೆ. ಬರೀ ರಾಗಿಯಲ್ಲಿ ಮಾಡುವುದು ಕಷ್ಟ, ಬಾರ್ಲಿಗೆ ಇರುವಂಥ ಹೊಟ್ಟು ಅದಕ್ಕಿಲ್ಲ. ಸೋಸುವಾಗ ಆ ಹೊಟ್ಟೇ ಜರಡಿಯ ಕೆಲಸ ಮಾಡುವುದು. ಇಲ್ಲದಿದ್ದರೆ ಎಲ್ಲ ಅಂಬಲಿಯಾಗಿ ಕಟ್ಟಿಕೊಂಡು ನಿಲ್ಲುತ್ತದೆ. ಅದಕ್ಕೆ ಬಾರ್ಲಿ ಜೊತೆ ಬೆರೆಸುತ್ತಾರೆ. ರಾಗಿ ಮೊಳಕೆಯ ಒಂದು ಚೀಲವನ್ನೂ ಸೇರಿಸೋಣ.

ಜೋಗುಪಾಳ್ಯ_ಹುಡುಗಿ

ನಿಮಗೆಲ್ಲ ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು. ಅಕ್ಕ, ನಿಮ್ಮ ತಕರಾರು ನೂರಕ್ಕೆ ನೂರು ಸರಿ. ಈಚಲು ಪೊರಕೆ ಮೊದಲ ಸುಳಿವು ಅಂತ ಬರೆದುಕೊಂಡೆ, ತುರುವನೂರಿನ ಮಾತೂ ಅಲ್ಲೇ ಬರುತ್ತದೆ. ನಿನ್ನೆ ರಾತ್ರಿ ಕೂತು ಇನ್ನು ಮೂರು ಬರೆದೆ, ನೋಡಿ ಹೇಳಿ.

ಸಂಪಂಗಿ ಕೆರೆಗೆ:
ಆಗ ನನ್ನೊಳಗೆ ಮೀನು ಈಜಿದವು,
ಈಗ ನನ್ನ ಮೇಲೆ ಜನ ಓಡುತ್ತಾರೆ.
ಮಲ್ಲಿಗೆ ಹೊತ್ತ ತಾಯಿ ಮಾತ್ರ
ಚೈತ್ರದಲ್ಲಿ ನನ್ನ ಮರೆಯುವುದಿಲ್ಲ.

ಕ್ಲಬ್ಬಿನ ಗೇಟಿಗೆ:
ಹದಿಮೂರು ರೂಪಾಯಿ ಬಾಕಿ ಇಟ್ಟು ಹಡಗು ಹತ್ತಿದ,
ಮುಂದೆ ಒಂದು ದೇಶವನ್ನೇ ಆಳಿದ.
ಅವನ ಲೆಕ್ಕ ಇನ್ನೂ ಯಾವ ಗೇಟಿನ ಒಳಗಿದೆ?

ಬ್ರೂವರಿ ಜಾಗಕ್ಕೆ:
ಎತ್ತು ಹೊರಟ ಕಡೆ ಈಗ ಕಾರು ಹೊರಡುತ್ತದೆ,
ಪೀಪಾಯಿ ಉರುಳಿದ ಕಡೆ ಗಾಜು ಹೊಳೆಯುತ್ತದೆ.
ಗ್ರಾಂಟ್ ಸಾಹೇಬರ ಬೋರ್ಡ್ ಕಿತ್ತು
ಯಾರ ಹೆಸರು ಬರೆದರು?

ಲ್ಯಾವೆಲ್ ರಸ್ತೆಗೆ ಒಂದೂ ಸರಿಯಾಗಿ ಬರಲಿಲ್ಲ. ಯಾರಾದರೂ ಬರೆದುಕೊಡಿ. ನಿಧಿ ಏನಿಡಬೇಕು ಅನ್ನುವುದೂ ಇನ್ನೂ ಬಗೆಹರಿದಿಲ್ಲ.

ಹಳೇ_ಪೋಸ್ಟ್‌ಮ್ಯಾನ್

ಒಗಟುಗಳು ಚೆನ್ನಾಗಿವೆ ಮಗಳೇ. ಕರಗದ್ದು ಓದಿ ಖುಷಿಯಾಯ್ತು. ಲ್ಯಾವೆಲ್ ರಸ್ತೆಗೆ ನನ್ನ ಕೈಲಾದದ್ದು:

ಬಂದೂಕು ಕೆಳಗಿಟ್ಟೆ, ಗುದ್ದಲಿ ಹಿಡಿದೆ,
ಕೋಲಾರದ ಮಣ್ಣಿನಲ್ಲಿ ಹೊಳಪು ಕಂಡೆ.
ಗಣಿ 2001ರಲ್ಲಿ ಬಾಗಿಲು ಹಾಕಿತು,
ನನ್ನ ಹೆಸರಿನ ಬೀದಿ ಇನ್ನೂ ತೆರೆದೇ ಇದೆ.

ಈ ಭಾಗದ ಬೀದಿಗಳಲ್ಲಿ ವರ್ಷಗಟ್ಟಲೆ ಕಾಗದ ಹಂಚಿದವನು ನಾನು. ಹೆಸರಿನ ಆಟಕ್ಕೆ ಇನ್ನೊಂದು ಸೇರಿಸಿ. ದಂಡು ಹೋದರೂ ಸೈನ್ಯದ ಹೆಸರು ಹೊತ್ತ ಬೀದಿಗಳು ಇಲ್ಲಿ ಬೇಕಾದಷ್ಟಿವೆ. ಬ್ರಿಗೇಡ್ ರಸ್ತೆ, ಇನ್‌ಫೆಂಟ್ರಿ ರಸ್ತೆ, ಆರ್ಟಿಲರಿ ರಸ್ತೆ, ದಂಡಿಗೆ ದವಸ ದಾಸ್ತಾನು ಒದಗಿಸುತ್ತಿದ್ದ ಇಲಾಖೆಯ ಹೆಸರಿನ ಕಮಿಸೇರಿಯಟ್ ರಸ್ತೆ. ಕ್ಯಾವಲ್ರಿ ರಸ್ತೆ ಈಗ ಕಾಮರಾಜ ರಸ್ತೆ ಆಗಿದೆ. ಕೊನೆಯ ನಿಲ್ದಾಣದಲ್ಲಿ ಯಾವ ತಂಡ ಇಂಥ ಹೆಸರು ಜಾಸ್ತಿ ಹೇಳುತ್ತದೋ ಅದಕ್ಕೆ ಹೆಚ್ಚಿನ ಅಂಕ ಕೊಡಿ. ನಡೆಯುವ ಅಗತ್ಯ ಇಲ್ಲ, ನೆನಪಿನಿಂದಲೇ ಹೇಳಲಿ. ವಯಸ್ಸಾದವರು ಇರುವ ತಂಡಕ್ಕೆ ಆಗ ಲಾಭ.

ವ್ಯವಸ್ಥೆ ಬಗ್ಗೆ ಎರಡು ಮಾತು. ಎಲ್ಲೂ ಏನನ್ನೂ ಅಂಟಿಸಬೇಡಿ, ಬಚ್ಚಿಡಲೂ ಬೇಡಿ. ಯಾರದೂ ಅಲ್ಲದ ಚೀಲ ಕಂಡರೆ ಸೆಕ್ಯೂರಿಟಿಯವರು ಗಾಬರಿಯಾಗುತ್ತಾರೆ, ಅದು ಅವರ ಕೆಲಸ, ಅದರಲ್ಲೂ ಪರೇಡ್ ಮೈದಾನದ ಸುತ್ತ ಸೇನೆಯ ಜಾಗ. ಪ್ರತಿ ನಿಲ್ದಾಣದಲ್ಲಿ ನಿಮ್ಮವರೇ ಒಬ್ಬರು ಚೀಲ ಹಿಡಿದು ಫುಟ್‌ಪಾತ್ ಮೇಲೆ ನಿಂತಿರಲಿ. ಸರಿ ಉತ್ತರ ಬಂದರೆ ಕೊಡಲಿ. ವಿಠಲ ಮಲ್ಯ ರಸ್ತೆ, ಸೇಂಟ್ ಮಾರ್ಕ್ಸ್ ರಸ್ತೆಗಳಲ್ಲಿ ಟೆಂಡರ್‌ಶ್ಯೂರ್ ಅನ್ನುವ ರಸ್ತೆ ಸುಧಾರಣೆ ಕಾಮಗಾರಿಯಿಂದ ಫುಟ್‌ಪಾತ್ ಅಗಲವಾಗಿದೆ, ಮಕ್ಕಳ ಕೈ ಹಿಡಿದು ನಡೆಯೋಕೆ ಪರವಾಗಿಲ್ಲ. ಆದರೆ ಕ್ಲಬ್ಬಿನ ಹತ್ತಿರ ರೆಸಿಡೆನ್ಸಿ ರಸ್ತೆ ದಾಟುವಾಗ ದೊಡ್ಡವರು ಜೊತೆಗಿರಲೇಬೇಕು, ಭಾನುವಾರ ಖಾಲಿ ರಸ್ತೆಯಲ್ಲಿ ಗಾಡಿಗಳು ಇನ್ನೂ ಜೋರು.

ನಿಧಿ ಅಂತ ಬಾಟಲಿ ಇಡಬೇಡಿ. ಗೆದ್ದ ತಂಡಕ್ಕೆ ಮೊಳಕೆ ಕಟ್ಟಿದ ರಾಗಿ ಹಿಟ್ಟಿನ ಪೊಟ್ಟಣ, ಜೊತೆಗೆ ಆ ಹಳೇ ಹೆಸರಿನ ನಕ್ಷೆಗೆ ಎಲ್ಲರೂ ಸಹಿ ಹಾಕಿ ಕೊಡಿ. ಮನೆಗೆ ಒಯ್ದು ಗೋಡೆಗೆ ಹಾಕಿಕೊಳ್ಳಬಹುದು. ಮಳೆ ನಿಂತ ಮೇಲೆ, ಡಿಸೆಂಬರ್ ಮೊದಲ ವಾರಗಳಲ್ಲಿ ಇಟ್ಟುಕೊಳ್ಳಿ. ಪರೇಡ್ ಮೈದಾನದ ಹತ್ತಿರ ನಿಲ್ಲೋಕೆ ಒಬ್ಬರು ಬೇಕಾದರೆ ನಾನು ಬರುತ್ತೇನೆ, ಮಡಚುವ ಕುರ್ಚಿಯೂ ನನ್ನ ಹತ್ತಿರವೇ ಇದೆ.

ನಗರ್ತಪೇಟೆ_ಅಕ್ಕ

ರಾಗಿ ಹಿಟ್ಟು ನಾನು ಮಾಡಿಕೊಡುತ್ತೇನೆ. ಎಷ್ಟು ತಂಡ ಅಂತ ವಾರ ಮುಂಚೆ ತಿಳಿಸಿ, ನೆನೆಸಿ ಮೊಳಕೆ ಬರಿಸಿ ಒಣಗಿಸೋಕೆ ಅಷ್ಟು ದಿನ ಬೇಕು.